ಮಷಿನ್ ಇಲ್ಲದೆ ನಲವತ್ತು ಗ್ರೀಟಿಂಗ್ ಕಾರ್ಡ್ ಆಗುತ್ತಾ? ಆಗುತ್ತೆ

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರಾಗಬೇಡಿ. ನಾಲ್ಕು ವರ್ಷದ ಹಿಂದೆ ನಾನೂ ಇದನ್ನೇ ಕಂಡಕಂಡವರಿಗೆಲ್ಲ ಕೇಳುತ್ತಿದ್ದೆ. ಕ್ರಿಸ್‌ಮಸ್, ಹೊಸ ವರ್ಷ, ಸಂಕ್ರಾಂತಿ ಮೂರಕ್ಕೂ ಸೇರಿಸಿ ನಲವತ್ತು ಕಾರ್ಡ್ ಕೈಯಲ್ಲೇ ಮಾಡಬೇಕು, ವಿಡಿಯೋಗಳಲ್ಲಿ ಎಲ್ಲರ ಹತ್ತಿರವೂ ಕಾಗದವನ್ನು ಅಚ್ಚಿನಿಂದ ಬೇಕಾದ ಆಕಾರಕ್ಕೆ ಕತ್ತರಿಸುವ ಡೈ ಕಟಿಂಗ್ ಮಷಿನ್ ಕಾಣುತ್ತೆ, ಅದನ್ನು ಕೊಳ್ಳಲೇಬೇಕಾ, ನಮ್ಮಂಥ ಊರಲ್ಲಿ ಕಾರ್ಡಿನ ಮೇಲೆ ಚಿತ್ರ ಒತ್ತುವ ಸ್ಟ್ಯಾಂಪ್ ಎಲ್ಲಿ ಸಿಗುತ್ತೆ, ಇಷ್ಟು ತಾನೇ ನೀವು ಕೇಳಿದ್ದು? ನಾನಿರುವುದು ಕಲಬುರಗಿಯಲ್ಲಿ. ಇಲ್ಲಿ ಸಿಗುವುದನ್ನೇ ಇಟ್ಟುಕೊಂಡು ಹೇಳುತ್ತೇನೆ.

ಈ ವರ್ಷ ಮಷಿನ್ ಬೇಡ. ಒಂದು ಒಳ್ಳೆ ಸ್ಟ್ಯಾಂಪ್ ಮಾಡಿಸಿ, ಒಂದೇ ಡಿಸೈನ್ ಹಿಡಿದು ನಲವತ್ತನ್ನೂ ಮುಗಿಸಿ. ನಲವತ್ತು ಮಂದಿಗೆ ನಲವತ್ತು ಥರದ ಕಾರ್ಡ್ ಮಾಡ್ತೀನಿ ಅಂತ ಕೂತರೆ ಏಳನೆಯದಕ್ಕೆ ಸಾಕಾಗಿ ಎದ್ದು ಹೋಗುತ್ತೀರಿ. ನಾನು ಮೊದಲ ವರ್ಷ ಒಂಬತ್ತಕ್ಕೆ ಎದ್ದಿದ್ದೆ.

"ಮಾಡಿಸಿ" ಅಂತ ಸುಮ್ನೆ ಹೇಳಿದ್ದಲ್ಲ. ಆನ್‌ಲೈನ್‌ನಲ್ಲಿ ಸಿಗುವ ಸ್ಟ್ಯಾಂಪ್ ಸೆಟ್‌ಗಳಲ್ಲಿ ನನಗೆ ಕಂಡದ್ದು ಇಂಗ್ಲಿಷ್ ಅಕ್ಷರ, ಹಿಮ ಬಿದ್ದ ಮನೆ, ಕೋಡಿನ ಜಿಂಕೆ, ಇಷ್ಟೇ. ಮೇ ತಿಂಗಳಲ್ಲಿ ನಲವತ್ಮೂರು ಡಿಗ್ರಿ ಕಾಯುವ ಊರಿನಿಂದ ಹಿಮದ ಚಿತ್ರ ಕಳಿಸೋದು ನನಗೆ ಯಾಕೋ ಸರಿ ಅನಿಸಲಿಲ್ಲ. ಹಾಗಾಗಿ ರಬ್ಬರ್ ಸ್ಟ್ಯಾಂಪ್ ಮಾಡುವವರ ಹತ್ತಿರ ಹೋದೆ. ಆಫೀಸಿನ ಸಹಿ ಸೀಲು ಮಾಡಿಕೊಡ್ತಾರಲ್ಲ, ಅವರೇ. ಬಿಳಿ ಹಾಳೆಯ ಮೇಲೆ ಕಪ್ಪು ಪೆನ್ನಿನಲ್ಲಿ ನೀವೇ ಚಿತ್ರ ಬರೆದು ಕೊಟ್ಟರೆ ಅವರು ಅದರ ನೆಗೆಟಿವ್ ತೆಗೆದು, ಅಂಟಂಟಾದ ಪಾಲಿಮರ್ ಮೇಲೆ ಬೆಳಕು ಬಿಟ್ಟು ಸ್ಟ್ಯಾಂಪ್ ಮಾಡಿಕೊಡುತ್ತಾರೆ. ಬೆಳಕು ತಾಗಿದ ಕಡೆ ಗಟ್ಟಿಯಾಗುತ್ತೆ, ಉಳಿದದ್ದು ತೊಳೆದು ಹೋಗುತ್ತೆ. ನನ್ನದು ಅಂಗೈ ಅಗಲದ್ದು, ಮುನ್ನೂರು ರೂಪಾಯಿಯೊಳಗೇ ಆಯಿತು.

ನಾನು ಬರೆದುಕೊಟ್ಟದ್ದು ತೊಗರಿ ಗಿಡದ ಒಂದು ಟೊಂಗೆ. ಮೂರು ಮೂರು ಎಲೆ, ನಾಲ್ಕು ಕಾಯಿ, ತುದಿಗೆ ಎರಡು ಹೂವು. ಡಿಸೆಂಬರ್‌ನಲ್ಲಿ ನಮ್ಮ ಕಡೆ ಯಾವ ಹೊಲಕ್ಕೆ ಹೋದರೂ ಕಾಣುವುದು ತೊಗರಿಯೇ ಅಲ್ವಾ. ಎಳ್ಳಮಾಸಿಗೆ ಚರಗ ಚೆಲ್ಲಲು ಹೊಲಕ್ಕೆ ಹೋದಾಗ ಒಂದು ಟೊಂಗೆ ಮುರಿದು ತಂದು ಎದುರಿಗಿಟ್ಟುಕೊಂಡು ಬರೆದೆ. ಕ್ರಿಸ್‌ಮಸ್ ಕಾರ್ಡಿಗೆ ಇದು ಹೊಂದುತ್ತಾ ಅಂತ ಅನುಮಾನ ಇತ್ತು. ಹಸಿರು ಶಾಯಿಯಲ್ಲಿ ಒತ್ತಿ, ಕಾಯಿಯ ಪಕ್ಕ ಕೆಂಪು ಪೆನ್ನಿನಿಂದ ನಾಲ್ಕು ಚುಕ್ಕೆ ಇಟ್ಟ ಮೇಲೆ ಚೆನ್ನಾಗಿಯೇ ಹೊಂದಿತು. ಅದೇ ಸ್ಟ್ಯಾಂಪನ್ನು ಹಳದಿಯಲ್ಲಿ ಒತ್ತಿದರೆ ಸಂಕ್ರಾಂತಿ.

ಅಕ್ಷರದ ಸ್ಟ್ಯಾಂಪ್ ಬೇರೆ ಮಾಡಿಸಿ, ಚಿತ್ರದ ಜೊತೆ ಸೇರಿಸಬೇಡಿ. ಕನ್ನಡದಲ್ಲಿ ಒಂದು ಕಷ್ಟ ಇದೆ, ಒತ್ತಕ್ಷರ. ಅಕ್ಷರ ಸಣ್ಣದಾದರೆ ಕೆಳಗಿನ ಒತ್ತಿನೊಳಗೆ ಶಾಯಿ ತುಂಬಿ ಮುದ್ದೆಯಾಗುತ್ತೆ. ನಾನು "ಸಂಕ್ರಾಂತಿಯ ಶುಭಾಶಯಗಳು" ಅಂತ ಸಣ್ಣದಾಗಿ ಮಾಡಿಸಿದ್ದೆ, ಕ್ರಾ ಅನ್ನುವುದು ಇರುವೆ ಸತ್ತು ಬಿದ್ದಂಗೆ ಕಾಣುತ್ತಿತ್ತು. ಆಮೇಲೆ "ಹಬ್ಬದ ಶುಭಾಶಯಗಳು" ಅಂತ 24 ಪಾಯಿಂಟಿನಲ್ಲಿ, ದಪ್ಪ ಅಲ್ಲದ ಅಕ್ಷರದಲ್ಲಿ ಮಾಡಿಸಿದೆ. ಅದು ಎಲ್ಲ ಹಬ್ಬಕ್ಕೂ ಆಗುತ್ತೆ, ರಂಜಾನ್‌ಗೂ ಆಯಿತು.

ಹೊಸ ಸ್ಟ್ಯಾಂಪ್ ಮೊದಲ ದಿನ ಶಾಯಿ ಹಿಡಿಯುವುದಿಲ್ಲ, ಹನಿ ಹನಿಯಾಗಿ ನಿಲ್ಲುತ್ತೆ. ಅದು ಕೆಟ್ಟಿಲ್ಲ. ಮೇಲ್ಮೈ ನುಣ್ಣಗಿರುತ್ತೆ ಅಷ್ಟೇ, ಪೆನ್ಸಿಲ್ ರಬ್ಬರ್‌ನಿಂದ ಮೆಲ್ಲಗೆ ನಾಲ್ಕು ಸಲ ಉಜ್ಜಿ. ಒತ್ತುವಾಗ ಕಾಗದದ ಕೆಳಗೆ ಮೂರ್ನಾಲ್ಕು ಮಡಿಕೆ ಪೇಪರ್ ಇಡಿ, ನೇರವಾಗಿ ಒತ್ತಿ ನೇರವಾಗಿ ಎತ್ತಿ. ಆಫೀಸಿನಲ್ಲಿ ಸೀಲು ಹೊಡೆಯುವ ಅಭ್ಯಾಸ ಇದ್ದವರು ಆ ಕಡೆ ಈ ಕಡೆ ವಾಲಿಸುತ್ತಾರೆ, ಅಂಚೆಲ್ಲ ಎರಡೆರಡಾಗಿ ಬರುತ್ತೆ. ಕೆಲಸ ಆದ ಮೇಲೆ ಸೋಪಿನ ನೀರಿನಲ್ಲಿ ತೊಳೆದು ಡಬ್ಬಿಯಲ್ಲಿಡಿ. ಬಿಸಿಲಿಗೆ ಬಿಟ್ಟರೆ ಪಾಲಿಮರ್ ಹಳದಿಯಾಗಿ ಬಿರುಸಾಗುತ್ತೆ, ನಮ್ಮೂರ ಬಿಸಿಲಿಗಂತೂ ಕೇಳಲೇಬೇಡಿ.

ಈಗ ಕಾಗದ. ಸ್ಟೇಷನರಿ ಅಂಗಡಿಯ ಬಣ್ಣದ ಚಾರ್ಟ್ ತಗೊಳ್ಳಬೇಡಿ, ತೆಳ್ಳಗೆ, ಕಾರ್ಡ್ ನಿಲ್ಲೋದೇ ಇಲ್ಲ. ಲಗ್ನಪತ್ರಿಕೆ ಪ್ರಿಂಟ್ ಮಾಡುವ ಅಂಗಡಿಗೆ ಹೋಗಿ. 250ರಿಂದ 300 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತೆ ಅನ್ನುವ ಲೆಕ್ಕ) ಕಾಗದ ಅವರ ಹತ್ತಿರ ಇದ್ದೇ ಇರುತ್ತೆ, ಕತ್ತರಿಸಿ ಉಳಿದ ಪಟ್ಟಿಗಳನ್ನು ಕೇಳಿದರೆ ತೂಕಕ್ಕೂ ಕೊಡುತ್ತಾರೆ. ನಾನು ಮೊದಲ ಸಲ ಹೋದಾಗ "ಡೈ ಕಟಿಂಗ್ ಮಾಡ್ತೀರೇನ್ರಿ" ಅಂತ ಕೇಳಿದೆ. "ಮಾಡ್ತೀವ್ರಿ ಮೇಡಮ್, ಎಷ್ಟ್ ಸಾವಿರ ಪೀಸ್?" ಅಂದರು. ಅವರ ಪಾಲಿಗೆ ಡೈ ಅಂದರೆ ಮರದ ಹಲಗೆಯಲ್ಲಿ ಬ್ಲೇಡ್ ಪಟ್ಟಿ ಬಗ್ಗಿಸಿ ಕೂರಿಸಿದ ದೊಡ್ಡ ಅಚ್ಚು. ನಲವತ್ತು ಅಂದಿದ್ದಕ್ಕೆ ಪಾಪ ನಗದೇ ಇರಲು ತುಂಬಾ ಪ್ರಯತ್ನ ಪಟ್ಟರು. ಆದರೆ ಕಾಗದವನ್ನು ಅಳತೆಗೆ ಕತ್ತರಿಸಿ ಕೊಟ್ಟರು, ಅದೇ ದೊಡ್ಡ ಉಪಕಾರ. ಕತ್ತರಿಯಲ್ಲಿ ನೇರ ಕತ್ತರಿಸೋದು ನನ್ನ ಕೈಲಿ ಆಗದ ಮಾತು.

ಎ4 ಹಾಳೆಯನ್ನು ಎರಡು ಮಾಡಿದರೆ ಎ5, ಅದನ್ನು ಮಡಚಿದರೆ 105 × 148 ಮಿಲಿಮೀಟರ್ ಕಾರ್ಡ್. ನಲವತ್ತಕ್ಕೆ ಇಪ್ಪತ್ತು ಹಾಳೆ ಸಾಕು, ಇನ್ನೊಂದು ಐದು ಕೆಡಿಸಲು ಇಟ್ಟುಕೊಳ್ಳಿ. ಸಿ6 ಕವರು, ಅಂದರೆ 114 × 162, ಇದಕ್ಕೆ ಸರಿಯಾಗಿ ಕೂರುತ್ತೆ. ಮಡಚುವ ಮುಂಚೆ ಖಾಲಿಯಾದ ಬಾಲ್‌ಪೆನ್ನಿನಿಂದ ಸ್ಕೇಲ್ ಹಿಡಿದು ಗೆರೆ ಎಳೆಯಿರಿ, ಇಲ್ಲದಿದ್ದರೆ ಮಡಿಕೆ ಬಿರಿಯುತ್ತೆ. ಕಾಗದಕ್ಕೂ ಒಂದು ಎಳೆ ಇರುತ್ತೆ, ಎರಡೂ ಕಡೆಯಿಂದ ಮೆಲ್ಲಗೆ ಬಗ್ಗಿಸಿ ನೋಡಿ, ಯಾವ ಕಡೆ ಸಲೀಸಾಗಿ ಬಾಗುತ್ತೋ ಆ ಕಡೆಗೇ ಮಡಿಕೆ ಬರುವಂತೆ ಕತ್ತರಿಸಲು ಹೇಳಿ.

ನನಗೆ ಈ ಕೆಲಸದ ಹುಚ್ಚು ಹಿಡಿದದ್ದು ಯಾವುದರಿಂದ ಅಂತ ಹೇಳಿಬಿಡುತ್ತೇನೆ: ಕಪ್ಪು ಕಾಗದದ ಮೇಲೆ ಬೆಳ್ಳಿ ಬಣ್ಣದ ಎಂಬಾಸಿಂಗ್ ಪೌಡರ್, ಅಂದರೆ ಬಿಸಿಗೆ ಕರಗಿ ಉಬ್ಬು ಗೆರೆಯಾಗುವ ಪುಡಿ. ಬೀದರಿನ ಬಿದರಿ ಸಾಮಾನು ನೋಡಿದ್ದೀರಲ್ಲ? ಸತು ಜಾಸ್ತಿ, ತಾಮ್ರ ಸ್ವಲ್ಪ ಸೇರಿಸಿ ಎರಕ ಹೊಯ್ದು, ಅದರಲ್ಲಿ ಬಳ್ಳಿ ಕೊರೆದು ಬೆಳ್ಳಿ ತಂತಿ ಕೂರಿಸಿ, ಕೊನೆಗೆ ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಸೇರಿಸಿ ಕಪ್ಪು ಮಾಡುತ್ತಾರೆ. ಲೋಹ ಕಪ್ಪಾಗುತ್ತೆ, ಬೆಳ್ಳಿ ಬೆಳ್ಳಗೇ ಉಳಿಯುತ್ತೆ. ನಮ್ಮ ಅತ್ತೆಯ ತವರು ಬೀದರ್, ಮನೆಯಲ್ಲಿ ಒಂದು ಹಳೆ ಬಿದರಿ ಹೂದಾನಿ ಇದೆ. ಅದರ ಬಳ್ಳಿ ನೋಡಿಕೊಂಡೇ ಎರಡನೇ ಸ್ಟ್ಯಾಂಪ್ ಬರೆದೆ. ಕಾಗದದ ಮೇಲಿನದು ಬಿದರಿ ಅಲ್ಲ, ಕುಶಲಕರ್ಮಿಗಳು ಬೈದಾರು, ಆದರೆ ದೂರದಿಂದ ನೋಡಿದವರು ಒಮ್ಮೆ ಕೈಯಿಟ್ಟು ಸವರಿ ನೋಡದೆ ಬಿಡುವುದಿಲ್ಲ.

ಮಾಡುವ ಬಗೆ ಸುಲಭ. ಪಿಗ್ಮೆಂಟ್ ಶಾಯಿ ಅಂತ ಕೇಳಿ ತಗೊಳ್ಳಿ, ಅದು ನಿಧಾನ ಒಣಗುತ್ತೆ. ಸಾದಾ ಸ್ಟ್ಯಾಂಪ್ ಪ್ಯಾಡ್ ಶಾಯಿ ಕಾಗದ ಹೀರಿಬಿಡುತ್ತೆ, ಪೌಡರ್ ಹಿಡಿಯಲು ಏನೂ ಉಳಿಯುವುದಿಲ್ಲ. ಮೊದಲು ಕಪ್ಪು ಕಾಗದದ ಮೇಲೆ ಹತ್ತಿಯಿಂದ ಒಂಚೂರು ಟಾಲ್ಕಂ ಪೌಡರ್ ಸವರಿ ಒರೆಸಿ, ಬೇಡದ ಕಡೆ ಬೆಳ್ಳಿ ಅಂಟುವುದು ತಪ್ಪುತ್ತೆ. ಸ್ಟ್ಯಾಂಪ್ ಒತ್ತಿ, ಕೂಡಲೇ ಪೌಡರ್ ಸುರಿದು, ಉಳಿದದ್ದನ್ನು ಡಬ್ಬಿಗೆ ವಾಪಸ್ ತಟ್ಟಿ, ಬಿಸಿ ಮಾಡಿ. ಪುಡಿ ಕರಗಿ ಹೊಳೆಯುವ ಗೆರೆಯಾಗುತ್ತೆ. ಅದಕ್ಕೆ ಹೀಟ್ ಗನ್ ಬೇಕು, ಕೂದಲು ಒಣಗಿಸುವ ಡ್ರೈಯರ್ ಆಗೋದಿಲ್ಲ, ಅದರಲ್ಲಿ ಗಾಳಿ ಜಾಸ್ತಿ ಬಿಸಿ ಕಡಿಮೆ, ಕರಗುವ ಮೊದಲೇ ಹಾರಿಸಿಬಿಡುತ್ತೆ. ನಾನು ಗನ್ ಕೊಳ್ಳುವ ಮುಂಚೆ ರೊಟ್ಟಿ ಹಂಚು ಕಾಯಿಸಿ, ಇಕ್ಕಳದಲ್ಲಿ ಕಾರ್ಡ್ ಹಿಡಿದು ಹಂಚಿಗೆ ತಾಗದಂತೆ ಒಂದು ಬೆರಳು ಮೇಲೆ ಆಡಿಸುತ್ತಿದ್ದೆ. ಕೆಳಗಿಂದ ಬಿಸಿ ತಾಗಿ ಪುಡಿ ಚೆನ್ನಾಗಿಯೇ ಕರಗುತ್ತೆ. ಎರಡು ಕಾರ್ಡ್ ಸುಟ್ಟವು, ಅದು ಲೆಕ್ಕಕ್ಕಿಲ್ಲ.

ಫ್ಯಾನ್ ಆರಿಸಿ. ಇದನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ನಮ್ಮ ಮನೆಯಲ್ಲಿ ಫ್ಯಾನ್ ತಿರುಗುತ್ತಿದೆ ಅನ್ನುವುದೇ ಯಾರಿಗೂ ಗೊತ್ತಾಗುವುದಿಲ್ಲ, ಅಷ್ಟು ಅಭ್ಯಾಸ. ಮೊದಲ ದಿನ ಡಬ್ಬಿ ತೆರೆದೆ, ಅರ್ಧ ಡಬ್ಬಿ ಬೆಳ್ಳಿ ಎದ್ದು ಹೋಯಿತು. ಟೇಬಲ್, ನೆಲ, ಒಣಗಲು ಹಾಕಿದ್ದ ಹಪ್ಪಳದ ತಾಟು. ಅತ್ತೆ ಬಾಗಿಲಲ್ಲಿ ನಿಂತು ನೋಡಿ, "ಕಾರ್ಡ್ ಒಂದ್ ಬಿಟ್ಟು ಎಲ್ಲಾದಕ್ಕೂ ಬೆಳ್ಳಿ ಹಚ್ಚೀದಿ" ಅಂದರು. ಹಪ್ಪಳವನ್ನು ಎಸೆಯಬೇಕಾಯಿತು, ಅದು ಇವತ್ತಿಗೂ ಮಾತಿಗೆ ಬರುತ್ತೆ.

ಕಪ್ಪು ಕಾಗದವನ್ನೇ ಮಡಚಿ ಕಾರ್ಡ್ ಮಾಡಬೇಡಿ. ಎಷ್ಟೋ ಕಪ್ಪು ಹಾಳೆಗಳ ಒಳತಿರುಳು ಬಿಳಿ, ಮಡಿಕೆಯಲ್ಲಿ ಬಿರಿದು ಕಾಣುತ್ತೆ, ಒಳಗೆ ಬರೆಯಲೂ ಆಗುವುದಿಲ್ಲ. 95 × 138 ಅಳತೆಯ ಕಪ್ಪು ತುಂಡು ಕತ್ತರಿಸಿ ಬಿಳಿ ಕಾರ್ಡಿನ ಮುಖಕ್ಕೆ ಅಂಟಿಸಿ, ಸುತ್ತ ಐದು ಮಿಲಿಮೀಟರ್ ಅಂಚು ಉಳಿಯುತ್ತೆ.

ಇನ್ನು ಡೈ ಕಟ್. ಕಳೆದ ವರ್ಷ ನಾನೂ ಚಿಕ್ಕ ಮಷಿನ್ ತಗೊಂಡೆ, ಹಿಡಿಕೆ ತಿರುಗಿಸುವಂಥದ್ದು, ನಾಲ್ಕೂವರೆ ಸಾವಿರ. ಸುಳ್ಳು ಹೇಳಲ್ಲ, ಖುಷಿ ಕೊಡುತ್ತೆ. ತೆಳು ಉಕ್ಕಿನ ಡೈಯ ಒಂದು ಬದಿಗೆ ಮಾತ್ರ ಅಲಗು ಇರುತ್ತೆ. ಪ್ಲೇಟು, ಅದರ ಮೇಲೆ ಕಾಗದ, ಅಲಗು ಕೆಳಮುಖವಾಗಿ ಡೈ, ಮತ್ತೆ ಪ್ಲೇಟು, ಹೀಗೆ ಜೋಡಿಸಿ ಎರಡು ರೋಲರ್ ನಡುವೆ ತೂರಿಸಬೇಕು. ಡೈ ಎಷ್ಟು ದಪ್ಪ, ಪ್ಲೇಟು ಎಷ್ಟು ದಪ್ಪ ಅನ್ನುವ ಲೆಕ್ಕ ತಪ್ಪಿದರೆ ಒಂದೋ ಕತ್ತರಿಸಲ್ಲ, ಇಲ್ಲಾ ಮುರಿಯುತ್ತೆ. ನಾನು ಬೇರೆ ಕಡೆಯಿಂದ ತರಿಸಿದ ದಪ್ಪ ಡೈ ಹಾಕಿ, ಹೋಗುತ್ತಿಲ್ಲ ಅಂತ ಜೋರಾಗಿ ತಿರುಗಿಸಿದೆ. ಪ್ಲೇಟು ಟಪ್ ಅಂತ ಎರಡಾಯಿತು. ತಪ್ಪು ನನ್ನದೇ, ಬಿಗಿ ಅನಿಸಿದಾಗ ನಿಲ್ಲಿಸಬೇಕಿತ್ತು. ಪ್ಲೇಟು ಒಂದೇ ಕಡೆ ಬಾಗದಿರಲು ಆಗಾಗ ಮಗುಚಿ ಹಾಕುತ್ತಿರಿ, ಸೂಕ್ಷ್ಮ ಬಳ್ಳಿಯ ಡೈಗಳಲ್ಲಿ ಕಾಗದ ಸಿಕ್ಕಿಕೊಂಡರೆ ಡೈಗೂ ಕಾಗದಕ್ಕೂ ನಡುವೆ ಮೇಣದ ಕಾಗದದ ಒಂದು ತುಂಡು ಇಡಿ, ಸೂಜಿಯಿಂದ ಹಿಂದಿನಿಂದ ತಳ್ಳಿದರೆ ಬಿಟ್ಟುಕೊಡುತ್ತೆ.

ಆದರೆ ಖರ್ಚು ಮಷಿನ್‌ಗೆ ಮುಗಿಯುವುದಿಲ್ಲ, ನೋಡಿ. ಒಂದೊಂದು ಆಕಾರಕ್ಕೂ ಒಂದೊಂದು ಡೈ. ನಕ್ಷತ್ರಕ್ಕೊಂದು, ಎಲೆಗೊಂದು, ಗಾಳಿಪಟಕ್ಕೊಂದು. ನನ್ನ ಹತ್ತಿರ ಈಗ ಹದಿನಾಲ್ಕಿವೆ, ಬಳಸುವುದು ಮೂರು. ಅದಕ್ಕೇ ನಿಮಗೆ ಬೇಡ ಅಂದಿದ್ದು. ಕ್ರಾಫ್ಟ್ ಪಂಚ್ ಅಂತ ಸಿಗುತ್ತೆ, ಕೈಯಲ್ಲಿ ಒತ್ತಿದರೆ ನಕ್ಷತ್ರ ಬೀಳುವಂಥದ್ದು, ಅದೊಂದು ಸಾಕು. ದಪ್ಪ ಕಾಗದಕ್ಕೆ ಅದು ಹೋಗಲ್ಲ, 150 ಜಿಎಸ್‌ಎಂ ಒಳಗಿನದಕ್ಕೆ ಬಳಸಿ.

ಕೆಲಸವನ್ನು ಕಾರ್ಡಿನ ಲೆಕ್ಕದಲ್ಲಿ ಮಾಡಬೇಡಿ, ಹಂತದ ಲೆಕ್ಕದಲ್ಲಿ ಮಾಡಿ. ಒಂದು ಸಂಜೆ ನಲವತ್ತಕ್ಕೂ ಗೆರೆ ಎಳೆದು ಮಡಚಿ. ಮರುದಿನ ನಲವತ್ತಕ್ಕೂ ಸ್ಟ್ಯಾಂಪ್. ಆಮೇಲೆ ಅಂಟಿಸುವುದು. ಒಳಗೆ ಬರೆಯುವುದಕ್ಕೆ ಪೂರ್ತಿ ಎರಡು ದಿನ ಇಟ್ಟುಕೊಳ್ಳಿ, ನಿಜವಾಗಿ ಹೊತ್ತು ಹಿಡಿಯುವುದು ಅದೇ. ತಮಾಷೆ ಏನಂದರೆ ಕ್ರಿಸ್‌ಮಸ್ ಕಾರ್ಡ್ ಅನ್ನುವುದು ಹುಟ್ಟಿದ್ದೇ ಬರೆಯಲು ಪುರಸೊತ್ತಿಲ್ಲದ್ದಕ್ಕೆ. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಎಲ್ಲರಿಗೂ ಕಾಗದ ಬರೆದು ಮುಗಿಯದು ಅಂತ ಚಿತ್ರಗಾರ ಹಾರ್ಸ್‌ಲಿ ಕೈಯಲ್ಲಿ ಚಿತ್ರ ಬರೆಸಿ ಸಾವಿರದಷ್ಟು ಅಚ್ಚು ಹಾಕಿಸಿದ. ಅವನು ಉಳಿಸಿದ ಹೊತ್ತನ್ನೆಲ್ಲ ನಾವು ಹಂಚಿನ ಮುಂದೆ ನಿಂತು ಕಳೆಯುತ್ತಿದ್ದೇವೆ.

ಸಂಕ್ರಾಂತಿಯವನ್ನು ನಾನು ಪೋಸ್ಟ್ ಮಾಡಲ್ಲ, ಕುಸುರೆಳ್ಳು ಕೊಡುವಾಗ ಕೈಗೇ ಕೊಡುತ್ತೇನೆ. ಉಳಿದವುಗಳಿಗೆ ಅಂಚೆ. ಅಲ್ಲಿ ತೂಕ ನೋಡಿಕೊಳ್ಳಿ, ಸಾದಾ ಪತ್ರ 20 ಗ್ರಾಂವರೆಗೆ 5 ರೂಪಾಯಿ. 300 ಜಿಎಸ್‌ಎಂ ಕಾರ್ಡ್ ಒಂದೇ ಒಂಬತ್ತು ಗ್ರಾಂ ಮೇಲಾಗುತ್ತೆ, ಕವರಿಗೆ ನಾಲ್ಕೈದು, ಕಪ್ಪು ತುಂಡು ಅಂಟಿಸಿದರೆ ಅಲ್ಲಿಗೇ ಗಡಿ ಬಂದಂತೆ. ಅದಕ್ಕೆ ಆ ತುಂಡನ್ನು ತೆಳು ಕಾಗದದಲ್ಲಿ ಮಾಡಿ, ಕೆಳಗೆ ಫೋಮ್ ಟೇಪ್ ಹಾಕಿ ಎತ್ತರಿಸಬೇಡಿ. ಉಬ್ಬಿದ ಕಾರ್ಡ್ ಮೇಲೆ ಅಂಚೆಯ ಮುದ್ರೆ ಬಿದ್ದರೆ ಒಳಗಿನ ಬಳ್ಳಿ ಚಪ್ಪಟೆ.

ನಾನು ಇದನ್ನು ಕಲಿತದ್ದು ಹುಬ್ಬಳ್ಳಿಯ ಕಾಕಾನ ದುಡ್ಡಿನಲ್ಲಿ. ಫೋಮ್ ಟೇಪು, ಮೇಲೊಂದು ಗೆಜ್ಜೆ, ಎಲ್ಲ ಸೇರಿ 27 ಗ್ರಾಂ ಆಗಿತ್ತು, ನಾನು ಐದು ರೂಪಾಯಿ ಚೀಟಿ ಹಚ್ಚಿ ಡಬ್ಬಿಗೆ ಹಾಕಿ ಬಂದಿದ್ದೆ. ಕಡಿಮೆ ಬಿದ್ದದ್ದರ ಎರಡರಷ್ಟನ್ನು ತಗೊಳ್ಳುವವರೇ ಕೊಡಬೇಕು. ಕಾಕಾ ಫೋನ್ ಮಾಡಿ, "ನಿನ್ನ ಕಾರ್ಡ್ ಹತ್ತು ರೂಪಾಯಿ ಕೊಟ್ಟು ಬಿಡಿಸಿಕೊಂಡೀನಿ, ಗೆಜ್ಜಿ ಯಾಕ್ ಕಳಿಸೀದಿ, ಆಕಳಿಗೇನು?" ಅಂತ ಕೇಳಿದರು.