ಸಿನಗಾಗ್‌ನವರು ಆವರಣದ ಬಗ್ಗೆ ಇಷ್ಟು ಕಾಳಜಿ ವಹಿಸುವುದು ಯಾಕೆ?

ಯಹೂದಿಗಳ ಪ್ರಾರ್ಥನಾ ಮಂದಿರವಾದ ಸಿನಗಾಗ್‌ನವರು ಗಿಡ, ನೀರು, ಕಸದ ಬಗ್ಗೆ ಇಷ್ಟು ತಲೆಕೆಡಿಸಿಕೊಳ್ಳುವುದು ಧರ್ಮದಲ್ಲೇ ಇದೆಯಾ, ಇಲ್ಲಾ ಈಗ ಶುರುವಾಗಿದ್ದಾ ಅಂತ ಕೇಳಿದ್ದೀರಿ. ಧರ್ಮದಲ್ಲೇ ಇದೆ, ಅದೂ ಬಹಳ ಹಿಂದಿನಿಂದ.

ಯಹೂದಿಗಳ ಪವಿತ್ರ ಗ್ರಂಥವಾದ ತೋರಾದ ಧರ್ಮೋಪದೇಶಕಾಂಡದಲ್ಲಿ ಒಂದು ಮಾತು ಬರುತ್ತದೆ: ಊರಿಗೆ ಮುತ್ತಿಗೆ ಹಾಕಿದಾಗಲೂ ಹಣ್ಣಿನ ಮರ ಕಡಿಯಬೇಡಿ. ಯುದ್ಧದಲ್ಲೇ ಮರ ಕಡಿಯಬಾರದು ಎಂದ ಮೇಲೆ ಸುಮ್ನೆ ಯಾವುದನ್ನೂ ಹಾಳು ಮಾಡಬಾರದು ಎಂದು ರಬ್ಬಿಗಳು, ಅಂದರೆ ಯಹೂದಿ ಧರ್ಮಗುರುಗಳು, ಅದನ್ನು ಬೆಳೆಸಿದರು. ಅದಕ್ಕೆ 'ಬಾಲ್ ತಶ್ಖೀತ್' ಅಂತಾರೆ. ಬಟ್ಟೆ, ಪಾತ್ರೆ, ಊಟ ಎಲ್ಲಕ್ಕೂ ಇದು ಅನ್ವಯ.

ನನಗೆ ತುಂಬ ಇಷ್ಟವಾದ ಉದಾಹರಣೆ ಶಿಕಾಗೋ ಪಕ್ಕದ ಎವನ್‌ಸ್ಟನ್‌ನ ಜ್ಯೂಯಿಷ್ ರೀಕನ್‌ಸ್ಟ್ರಕ್ಷನಿಸ್ಟ್ ಕಾಂಗ್ರಿಗೇಶನ್. ಇದೂ ಒಂದು ಸಿನಗಾಗ್. ಅವರ ಕಟ್ಟಡಕ್ಕೆ 2008ರಲ್ಲಿ ಲೀಡ್ ಪ್ಲಾಟಿನಂ ಸಿಕ್ಕಿತು. ಅಮೆರಿಕದಲ್ಲಿ ಪರಿಸರಸ್ನೇಹಿ ಕಟ್ಟಡಗಳಿಗೆ ಕೊಡುವ ದರ್ಜೆಗಳಲ್ಲಿ ಅದೇ ಎಲ್ಲಕ್ಕಿಂತ ಮೇಲಿನದು. ಅಲ್ಲಿನ ಪ್ರಾರ್ಥನಾ ಮಂದಿರಗಳಲ್ಲಿ ಅದನ್ನು ಮೊದಲು ಪಡೆದದ್ದು ಇವರೇ. ಆದರೆ ನನ್ನ ಮನಸ್ಸಿಗೆ ತಟ್ಟಿದ್ದು ಸರ್ಟಿಫಿಕೇಟ್ ಅಲ್ಲ. ಹಳೇ ಕಟ್ಟಡವನ್ನು ಕೆಡವಿ ಅದೇ ಜಾಗದಲ್ಲಿ ಹೊಸದನ್ನು ಕಟ್ಟಿದಾಗ ಒಡೆದ ಕಾಂಕ್ರೀಟನ್ನು ಲಾರಿಯಲ್ಲಿ ತುಂಬಿ ಎಲ್ಲೋ ಸುರಿದು ಬರಲಿಲ್ಲ, ಅಲ್ಲೇ ಮತ್ತೆ ಬಳಸಿಕೊಂಡರು. ಹೊರಗೋಡೆಗೂ ಬೇರೆ ಕಡೆ ಬಳಸಿ ಬಿಟ್ಟಿದ್ದ ಹಳೇ ಸೈಪ್ರೆಸ್ ಹಲಗೆಗಳನ್ನೇ ಹೊಡೆದರು. ಸಾವಿರಾರು ವರ್ಷ ಹಳೆಯ ಮಾತೊಂದು ಕಟ್ಟಡದ ಅವಶೇಷಗಳ ವಿಷಯದಲ್ಲೂ ಲೆಕ್ಕಕ್ಕೆ ಬಂತು ಅಲ್ವಾ!

ಆವರಣದ ಕೆಲಸ ಒಂದೊಂದು ಸಿನಗಾಗ್‌ನಲ್ಲಿ ಒಂದೊಂದು ಥರ. ಹಲವು ಕಡೆ ಹುಲ್ಲುಹಾಸು ಕಡಿಮೆ ಮಾಡಿ ಆ ಸೀಮೆಯದ್ದೇ ಗಿಡ ಹಾಕುತ್ತಾರೆ. ಅವು ಬೇರೂರಿದ ಮೇಲೆ ನೀರು ಜಾಸ್ತಿ ಬೇಡ. ಮಾನಾರ್ಕ್ ಚಿಟ್ಟೆಯ ಮರಿಹುಳಗಳು ತಿನ್ನುವುದು ಮಿಲ್ಕ್‌ವೀಡ್ ಎಂಬ ಗಿಡದ ಎಲೆ ಮಾತ್ರ. ಅದಕ್ಕೇ ಅದನ್ನು ಬೇಕಂತಲೇ ಬೆಳೆಸುವವರೂ ಇದ್ದಾರೆ. ಇನ್ನು ಕೆಲವರು ತರಕಾರಿ ಬೆಳೆದು ಇಲ್ಲದವರಿಗೆ ಕೊಡುತ್ತಾರೆ. ಹೊಲದ ಅಂಚನ್ನು ಪೂರ್ತಿ ಕೊಯ್ಯದೆ ಬಡವರಿಗೆ ಬಿಡಿ ಅಂತ ಯಾಜಕಕಾಂಡ ಹೇಳುತ್ತದೆ, ಅದರ ಮುಂದುವರಿಕೆ ಇದು. ಶನಿವಾರ ಮಾತ್ರ ಸಲಿಕೆ ಮುಟ್ಟುವ ಹಾಗಿಲ್ಲ. ಅದು ಸಬ್ಬತ್, ಯಹೂದಿಗಳ ವಾರದ ವಿಶ್ರಾಂತಿ ದಿನ. ಅದನ್ನು ಕಟ್ಟುನಿಟ್ಟಾಗಿ ಪಾಲಿಸುವವರು ಗಿಡಕ್ಕೆ ನೀರನ್ನೂ ಹಾಕುವುದಿಲ್ಲ.

ಮರಗಳ ಹೊಸ ವರ್ಷ ತೂ ಬಿಶ್ವಾತ್ ಬರುವುದು ಜನವರಿ, ಫೆಬ್ರವರಿ ಹೊತ್ತಿಗೆ. ಶಿಕಾಗೋದಲ್ಲಿ ಆಗ ನೆಲ ಹೆಪ್ಪುಗಟ್ಟಿರುತ್ತದೆ, ಗುಂಡಿ ತೋಡೋಕೂ ಆಗಲ್ಲ. ಅದಕ್ಕೆ ಮಕ್ಕಳ ಕೈಲಿ ಪುಟ್ಟ ಕುಂಡದಲ್ಲಿ ಪಾರ್ಸ್ಲಿ ಬೀಜ ಹಾಕಿಸಿ ಕಿಟಕಿ ಹತ್ತಿರ ಇಡಿಸುವ ರೂಢಿ ಅಮೆರಿಕದ ಹಲವು ಮನೆಗಳಲ್ಲಿದೆ. ವಸಂತದಲ್ಲಿ ಯಹೂದಿಗಳ ಪೆಸಾಹ್ ಹಬ್ಬ ಬರುವಷ್ಟರಲ್ಲಿ ಸೊಪ್ಪು ಚಿಗುರಿರುತ್ತದೆ. ಅದನ್ನೇ ಕಿತ್ತು ಉಪ್ಪುನೀರಲ್ಲಿ ಅದ್ದಿ ಹಬ್ಬದ ಊಟದಲ್ಲಿ ತಿನ್ನುತ್ತಾರೆ.