ಗ್ರೀಟಿಂಗ್ ಕಾರ್ಡ್‌ಗೆ ತಾಮ್ರದ ಟೇಪ್ ಅಂಟಿಸಿ ಎಲ್‌ಇಡಿ ಹಾಕಿದೆ, ಯಾಕೆ ಹೊತ್ತುತ್ತಿಲ್ಲ?

ಎಲ್‌ಇಡಿಯ ಉದ್ದ ಕಾಲು ಬ್ಯಾಟರಿಯ ಪ್ಲಸ್ ಕಡೆಗಿದ್ದೂ ಹೊತ್ತದಿದ್ದರೆ, ಟೇಪ್‌ನ ಮೂಲೆ ನೋಡಿ. ಅಲ್ಲಿ ಕತ್ತರಿಸಿ ಇನ್ನೊಂದು ತುಂಡು ಅಂಟಿಸಿದ್ದೀರಿ ಅಲ್ವಾ? ನಡುವೆ ಅಂಟು ಕೂತಿರುತ್ತದೆ, ಸಾಧಾರಣ ಅಂಟಿನಲ್ಲಿ ಕರೆಂಟ್ ಹರಿಯುವುದಿಲ್ಲ. ಬ್ಯಾಟರಿಯಿಂದ ಹೊರಟ ಕರೆಂಟ್ ಎಲ್‌ಇಡಿ ದಾಟಿ ಬ್ಯಾಟರಿಗೇ ವಾಪಸ್ ಬರಬೇಕು. ದಾರಿ ಕೂದಲೆಳೆಯಷ್ಟು ಕಡಿದರೂ ದೀಪವಿಲ್ಲ. ಟೇಪ್ ಕತ್ತರಿಸದೆ ಮಡಚಿ ತಿರುಗಿಸಿ, ಉಗುರಿನಿಂದ ಚೆನ್ನಾಗಿ ಉಜ್ಜಿ.

ಕಲಬುರಗಿಯ ಶರಣಬಸವೇಶ್ವರ ಜಾತ್ರೆಗೆ ನನ್ನ ಮಗಳು ತೇರಿನ ಕಾರ್ಡ್ ಮಾಡಿದಳು. ಕಳಸಕ್ಕೆ ಕೆಂಪು ದೀಪ, ಕೆಳಗೆ ಬಿಳಿ. ಕೆಂಪು ಮಾತ್ರ ಹೊತ್ತಿತು! ಕೆಂಪಿಗೆ ಸುಮಾರು 2 ವೋಲ್ಟ್ ಸಾಕು, ಬಿಳಿಗೆ 3ರ ಹತ್ತಿರ ಬೇಕು. ಒಂದೇ ಬಟನ್ ಸೆಲ್‌ಗೆ ಅಕ್ಕಪಕ್ಕ ಜೋಡಿಸಿದರೆ ಕರೆಂಟ್ ಎಲ್ಲ ಕೆಂಪೇ ಎಳೆದುಕೊಳ್ಳುತ್ತದೆ. ಆಮೇಲೆ ಎರಡೂ ಬಿಳಿ ಹಾಕಿದೆವು.