ಬಳ್ಳಾರಿ ಗಣಿ ಹಗರಣ ಬರೀ ಸುದ್ದಿಯಾಗಿ ಮುಗಿಯಲಿಲ್ಲ, ಏಕೆ?

ಸುದ್ದಿಯ ಹಿಂದೆ ದಾಖಲೆ ಇತ್ತು, ಅದಕ್ಕೇ. ಬಳ್ಳಾರಿಯಲ್ಲಿ ಅಕ್ರಮವಾಗಿ ಕಬ್ಬಿಣದ ಅದಿರು ತೆಗೆದು ಸಾಗಿಸುತ್ತಿದ್ದರು. ಅದಿರು ಲಾರಿಗಳು, ಕೆಂಪು ಧೂಳು, ಕಿತ್ತುಹೋದ ರಸ್ತೆಗಳ ಬಗ್ಗೆ ಪತ್ರಿಕೆಗಳು ಮೊದಲೇ ಬರೆದಿದ್ದವು. ಓದಿದವರು ಬೈದು ಸುಮ್ಮನಾಗುತ್ತಿದ್ದರು.

2010ರಲ್ಲಿ ಗಾಳಿ ಬದಲಾಯಿತು. ಉತ್ತರ ಕನ್ನಡದ ಬೇಲೆಕೇರಿ ಬಂದರಿನಲ್ಲಿ ಅರಣ್ಯ ಇಲಾಖೆ ಜಪ್ತಿ ಮಾಡಿದ್ದ ಲಕ್ಷಾಂತರ ಟನ್ ಅದಿರು ಮಾಯವಾಗಿತ್ತು. ಜಪ್ತಿ ಮಾಡಿದ ಅಧಿಕಾರಿಯ ಮೇಲೆಯೇ ಅಮಾನತಿನ ಕತ್ತಿ ತೂಗಿತು. ಇದನ್ನು ಪ್ರತಿಭಟಿಸಿ ಲೋಕಾಯುಕ್ತ ಸಂತೋಷ್ ಹೆಗ್ಡೆ ರಾಜೀನಾಮೆ ಕೊಟ್ಟರು, ಆಮೇಲೆ ಹಿಂಪಡೆದರು. ಜನ ನಿಜವಾಗಿ ಸಿಟ್ಟಾಗಿದ್ದು ಆಗಲೇ. ಟನ್ ಲೆಕ್ಕ ಎಲ್ಲರಿಗೂ ತಟ್ಟುವುದಿಲ್ಲ, ಪ್ರಾಮಾಣಿಕ ಅಧಿಕಾರಿಗೆ ಆದ ಅನ್ಯಾಯ ತಟ್ಟುತ್ತದೆ ಅಲ್ವಾ? ಅದೇ ವರ್ಷ ಆಗ ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯ ಅಕ್ರಮ ಗಣಿಗಾರಿಕೆ ವಿರುದ್ಧ ಬೆಂಗಳೂರಿನಿಂದ ಬಳ್ಳಾರಿಗೆ ಪಾದಯಾತ್ರೆ ಮಾಡಿದರು.

2011ರ ಜುಲೈನಲ್ಲಿ ಲೋಕಾಯುಕ್ತ ವರದಿ ಬಂತು. ರಾಜ್ಯಕ್ಕಾದ ನಷ್ಟ ಸುಮಾರು 16,000 ಕೋಟಿ ರೂಪಾಯಿ ಎಂದಿತು. ವರದಿಯಲ್ಲಿ ಹೆಸರು ಬಂದಿದ್ದರಿಂದ ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಸಾಮಾಜಿಕ ಹೋರಾಟಗಾರ ಎಸ್.ಆರ್. ಹಿರೇಮಠ ಅವರ ಸಂಘಟನೆ ಸಮಾಜ ಪರಿವರ್ತನ ಸಮುದಾಯ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು.

2016ರಲ್ಲಿ ಸಿಬಿಐ ವಿಶೇಷ ನ್ಯಾಯಾಲಯ ಯಡಿಯೂರಪ್ಪ ಅವರನ್ನು ಗಣಿ ಲಂಚದ ಪ್ರಕರಣದಲ್ಲಿ ಖುಲಾಸೆ ಮಾಡಿತು. ಆರೋಪವನ್ನು ನೆನಪಿಟ್ಟುಕೊಂಡಷ್ಟೇ ಗಟ್ಟಿಯಾಗಿ ತೀರ್ಪನ್ನೂ ನಾವು ನೆನಪಿಡಬೇಕು.